ನಾಲ್ವರು ಮುನಿಯಪ್ಪಂದಿರು, ಐವರು ಗ್ಲಾಕಸರು

ಯಾರಾದರೂ ಬೆನ್ನ ಹಿಂದಿನಿಂದ ಹೆಸರು ಹಿಡಿದು ಕೂಗಿದರೆ ನೀವು ಥಟ್ಟನೆ ತಿರುಗಿ ನೋಡುತ್ತೀರಿ. ನಾನು ನೋಡುತ್ತಿರಲಿಲ್ಲ. ಅದು ಗತ್ತಲ್ಲ ಸ್ವಾಮಿ, ಅನುಭವ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ‘ಮುನಿಯಪ್ಪಾ’ ಎಂದು ಯಾರು ಕರೆದರೂ ಅವರಿಗೆ ಬೇಕಾದವನು ನಾನಾಗಿರುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಮೆಷಿನ್ ಶಾಪ್ ಒಂದರಲ್ಲೇ ನಾವು ನಾಲ್ವರು ಮುನಿಯಪ್ಪಂದಿರಿದ್ದೆವು. ಸುತ್ತಲ ಹಳ್ಳಿಗಳಲ್ಲಿ ಮುನೇಶ್ವರನಿಗೆ ಹರಕೆ ಹೊತ್ತು ಪಡೆದ ಗಂಡುಮಗುವಿಗೆ ಬೇರೆ ಹೆಸರಿಡುವ ಧೈರ್ಯ ಯಾರಿಗಿದೆ? ಹಾಗಾಗಿ ಕಾರ್ಖಾನೆಯವರು ತಮ್ಮ ಅನುಕೂಲಕ್ಕೆ ನಮಗೆ ಎರಡನೆಯ ನಾಮಕರಣ ಮಾಡಿದ್ದರು. ಲೇತ್ ನಡೆಸುವವನು ಲೇತ್ ಮುನಿಯಪ್ಪ. ಮೀಸೆ ಇದ್ದವನು ಮೀಸೆ ಮುನಿಯಪ್ಪ. ಗೊರಗುಂಟೆಪಾಳ್ಯದಿಂದ ಬರುವವನಿಗೆ ಬರೀ ಗೊರಗುಂಟೆ ಎಂದರೂ ನಡೆಯುತ್ತಿತ್ತು. ನಾನೋ, ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವವನು, ಯಾವ ಯಂತ್ರಕ್ಕೂ ಸೇರಿದವನಲ್ಲ. ಮೀಸೆ ಬಿಡಲು ನೋಡಿದೆ, ಅದು ಸಹಕರಿಸಲಿಲ್ಲ. ನನ್ನ ಊರು ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡೇ ಇದ್ದುದರಿಂದ ಅದನ್ನು ಯಾರೂ ಒಂದು ಊರೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ ನನಗೆ ದಕ್ಕಿದ್ದು ‘ಇನ್ನೊಬ್ಬ ಮುನಿಯಪ್ಪ’ ಎಂಬ ಬಿರುದು.

ಈ ಸಂಕಟದಲ್ಲಿದ್ದಾಗಲೇ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಗ್ರೀಕ್ ಪುರಾಣಗಳ ಕೋಶವೊಂದು ಸಿಕ್ಕಿತು. ದೊಡ್ಡ ದೇವರುಗಳನ್ನೆಲ್ಲ ದಾಟಿ ಸಣ್ಣಪುಟ್ಟವರ ಬಳಿ ಬಂದಾಗ ನನಗೆ ಖುಷಿಯೋ ಖುಷಿ. ಅಲ್ಲೂ ನಮ್ಮ ಮೆಷಿನ್ ಶಾಪೇ! ಗ್ಲಾಕಸ್ ಎಂಬ ಹೆಸರಿನವರೇ ಸಾಲಾಗಿ ನಿಂತಿದ್ದರು. ಒಬ್ಬ ಬೆಸ್ತ, ಯಾವುದೋ ಹುಲ್ಲು ತಿಂದು ಸಮುದ್ರದ ದೇವರಾದವನು. ಇನ್ನೊಬ್ಬ ರಾಜಕುಮಾರ, ಇಲಿಯನ್ನು ಅಟ್ಟಿಸಿಕೊಂಡು ಹೋಗಿ ಜೇನಿನ ಹಂಡೆಗೆ ಬಿದ್ದು ಸತ್ತು, ಮೂಲಿಕೆಯ ಮಹಿಮೆಯಿಂದ ಎದ್ದು ಕೂತವನು. ಮತ್ತೊಬ್ಬನನ್ನು ಅವನು ಸಾಕಿದ ಕುದುರೆಗಳೇ ತಿಂದುಬಿಟ್ಟವು. ಅವನ ಮರಿಮಗ ನಾಲ್ಕನೆಯ ಗ್ಲಾಕಸ್. ಮುತ್ತಜ್ಜನ ಹೆಸರಿಡುವ ಪದ್ಧತಿ ನಮ್ಮಲ್ಲಿ ಮಾತ್ರವೇ ಎಂದುಕೊಂಡಿದ್ದೆ. ಈ ಪುಣ್ಯಾತ್ಮ ಯುದ್ಧರಂಗದಲ್ಲಿ ಸ್ನೇಹದ ಭರದಲ್ಲಿ ತನ್ನ ಚಿನ್ನದ ಕವಚ ಕೊಟ್ಟು ಎದುರಾಳಿಯ ಕಂಚಿನ ಕವಚ ತೊಟ್ಟುಕೊಂಡ.

ಐದನೆಯವನ ಬಳಿ ಬಂದು ನಿಂತೆ. ಟ್ರಾಯ್ ರಾಜನ ಹೇರಳ ಮಕ್ಕಳಲ್ಲಿ ಒಬ್ಬ. ಅಷ್ಟೇ! ಹುಲ್ಲಿಲ್ಲ, ಜೇನಿಲ್ಲ, ಕಚ್ಚಲು ಒಂದು ಕುದುರೆಯೂ ಇಲ್ಲ. ಅವನನ್ನು ಕಂಡು ನನಗೆ ಒಡಹುಟ್ಟಿದವನನ್ನೇ ಕಂಡಂತಾಯಿತು.

ಆ ರಾಜಕುಮಾರನಿಗೆ ಹೆಂಡತಿ ಇದ್ದಳೋ ಇಲ್ಲವೋ, ಕೋಶ ಹೇಳುವುದಿಲ್ಲ. ನನಗಿದ್ದಳು. ರತ್ನಮ್ಮ, ಹೊಸದಾಗಿ ಬಂದವಳು. ನಮ್ಮ ಕಡೆಯವರಲ್ಲಿ ಹೆಂಡತಿ ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯುಷ್ಯಕ್ಕೆ ಕುತ್ತು. ಒಮ್ಮೆ ನಾನು ಮರೆತ ಊಟದ ಡಬ್ಬಿ ಹಿಡಿದು ಗೇಟಿಗೆ ಬಂದಳು. ಯಾರು ಬೇಕೆಂದು ವಾಚ್‌ಮನ್ ಕೇಳಿದರೆ ‘ನಮ್ಮನೆಯವ್ರು’ ಎಂದಳು. ಹೆಸರು ಕೇಳಿದರೆ ಅವನ ಕೋಣೆಯ ಗೋಡೆಯಲ್ಲಿದ್ದ ಮುನೇಶ್ವರನ ಪಟ ತೋರಿಸಿದಳು. ಅವನು ಜಾಣ, ಒಳಗೆ ಹೋಗಿ ಮೀಸೆ ಮುನಿಯಪ್ಪನನ್ನು ಕರೆತಂದ.

ಸಂಜೆ ಮನೆಯಲ್ಲಿ ರತ್ನಮ್ಮ ಸಿಡಿದಳು. “ನಿಮ್ಮೆಸ್ರು ಏಳಂಗಿಲ್ಲ. ಎಂಗೋ ತಿಳಿಸಿದ್ರೂ ಯಾವನನ್ನೋ ತಂದು ನಿಲ್ಲುಸ್ತಾರೆ. ಎಂತಾ ಗಂಡನ್ನ ಕಟ್ಕಂಡೆ ನಾನು!”

ನಾನು ನಕ್ಕೆನಾದರೂ ಒಳಗೊಳಗೇ ನೊಂದೆ. ಕಾರ್ಖಾನೆ ನನ್ನನ್ನು ಏನೆಂದಾದರೂ ಕರೆಯಲಿ. ಇವಳ ಬಾಯಲ್ಲಿ ಒಂದೇ ಒಂದು ಸಲ ನನ್ನ ಹೆಸರು ಕೇಳಬೇಕು ಎಂಬ ಆಸೆ ಅಂದು ಹುಟ್ಟಿದ್ದು ಮತ್ತೆ ಬಿಡಲಿಲ್ಲ. ಪದ್ಧತಿ ಮುರಿ ಎಂದು ಕೇಳುವ ಧೈರ್ಯವಿಲ್ಲ. ಆಯುಷ್ಯ ನನ್ನದೇ ನೋಡಿ!

ರಾಜ್ಯೋತ್ಸವ ಬಂತು. ಕಾರ್ಖಾನೆಯ ಮೈದಾನದಲ್ಲಿ ಬಾವುಟ, ಭಾಷಣ, ಮನೆಮಂದಿಗೆಲ್ಲ ಉಪ್ಪಿಟ್ಟು ಕೇಸರಿಬಾತು. ಕೊನೆಗೆ ಹಗ್ಗಜಗ್ಗಾಟ, ಮೆಷಿನ್ ಶಾಪಿಗೂ ಫಿಟ್ಟಿಂಗ್ ವಿಭಾಗದವರಿಗೂ. ಫಿಟ್ಟಿಂಗ್‌ನವರು ಒಬ್ಬೊಬ್ಬರೂ ಕಬ್ಬಿಣದ ಬೀರು ಇದ್ದ ಹಾಗಿದ್ದರು. ನಮ್ಮ ಕಡೆ ಒಬ್ಬ ಕೈ ಉಳುಕಿಸಿಕೊಂಡಿದ್ದ. ಫೋರ್‌ಮನ್ ಸುತ್ತ ನೋಡಿ, “ಏಯ್, ಆ ಇನ್ನೊಬ್ಬ ಮುನಿಯಪ್ಪನ್ನ ಕರೀರೋ, ಲೆಕ್ಕಕ್ಕಾದ್ರೂ ನಿಂತ್ಕೊಳ್ಲಿ” ಎಂದರು. ಲೆಕ್ಕಕ್ಕೆ ನಿಂತೆ. ಜಮಖಾನದ ಮೇಲೆ ನನ್ನ ತಾಯಿಯ ಪಕ್ಕದಲ್ಲಿ ರತ್ನಮ್ಮ ಕೂತಿದ್ದಳು.

ಸೀಟಿ ಊದಿದ್ದೇ ತಡ, ನಾವು ಜಾರತೊಡಗಿದೆವು. ನಮ್ಮವರು ಒಬ್ಬೊಬ್ಬರನ್ನೇ ಹುರಿದುಂಬಿಸುತ್ತಿದ್ದರು. “ಮೀಸೆ, ಎಳಿಯೋ!” ಎಂದರೆ ಮೀಸೆ ಎಳೆದ. “ಗೊರಗುಂಟೆ, ಬಿಡ್ಬೇಡ ಕಣೋ!” ಎನ್ನುವಷ್ಟರಲ್ಲಿ ಮೀಸೆ ಸುಸ್ತು. “ಲೇತು! ಲೇತು!” ಎಂದಾಗ ಮಿಕ್ಕವರು ಉಸಿರು ತೆಗೆದುಕೊಳ್ಳುತ್ತಿದ್ದರು. ನನ್ನನ್ನು ಯಾರೂ ಕೂಗಲಿಲ್ಲ. ‘ಇನ್ನೊಬ್ಬಾ, ಎಳಿಯೋ’ ಎಂದು ಕೂಗಲು ಯಾರಿಗೆ ತಾನೇ ಬಾಯಿ ಬರುತ್ತದೆ? ನಡುವಿನ ಕೆಂಪು ಬಟ್ಟೆ ಎದುರಾಳಿಗಳ ಗೆರೆ ಮುಟ್ಟುವುದರಲ್ಲಿತ್ತು.

ಆಗ ಜಮಖಾನದ ಕಡೆಯಿಂದ ಒಂದು ಹೆಣ್ಣು ದನಿ ಸೀಳಿಕೊಂಡು ಬಂತು.

“ಮುನಿಯಪ್ಪಾ! ಎಳಿಯೋ ಮುನಿಯಪ್ಪಾ!”

ಅಡ್ಡಹೆಸರು ತಿಳಿಯದ ಆ ದನಿಗೆ ನಾವು ನಾಲ್ವರೂ ಒಟ್ಟಿಗೆ ಓಗೊಟ್ಟೆವು. ಪ್ರತಿಯೊಬ್ಬನೂ ತನ್ನನ್ನೇ ಕರೆದರೆಂದು ತಿಳಿದು, ಒಂದೇ ಉಸಿರಿನಲ್ಲಿ, ಒಂದೇ ಸಲ ಹಿಂದಕ್ಕೆ ವಾಲಿ ಎಳೆದೆವು. ಫಿಟ್ಟಿಂಗ್‌ನ ಬೀರುಗಳು ಅಲುಗಿದವು. “ಮುನಿಯಪ್ಪಾ!” ಎಂದು ಅವಳು ಮತ್ತೆ ಕೂಗಿದಳು, ನಾವು ಮತ್ತೆ ಎಳೆದೆವು. ಈಗ ಇಡೀ ಮೆಷಿನ್ ಶಾಪು ಅದೊಂದೇ ಹೆಸರನ್ನು ಹಿಡಿದು ಅರಚತೊಡಗಿತು. ಇನ್ನೆರಡು ಎಳೆತಕ್ಕೆ ಫಿಟ್ಟಿಂಗ್‌ನವರು ಮಣ್ಣು ಮುಕ್ಕಿದರು. ಅಂಗೈ ಸುಲಿದು ಉರಿಯುತ್ತಿತ್ತು, ನಾನು ಹುಚ್ಚನ ಹಾಗೆ ನಗುತ್ತಿದ್ದೆ. ಗೆದ್ದದ್ದಕ್ಕಲ್ಲ, ಆ ದನಿ ಯಾರದೆಂದು ಗೊತ್ತಿದ್ದುದಕ್ಕೆ.

ಜಮಖಾನದ ಬಳಿ ಹೋದಾಗ ವಿಚಾರಣೆ ಶುರುವಾಗಿತ್ತು. “ಏನೇ ಇದು? ನನ್ನೆದುರ್ಗೇ ಗಂಡನ್ ಎಸ್ರಿಡ್ದು ಕೂಗ್ತೀಯಾ?” ಎಂದು ನನ್ನ ತಾಯಿ ಕೇಳುತ್ತಿದ್ದಳು.

“ಅಯ್ಯೋ, ಎಲ್ಲಾರಾ ಉಂಟಾ ಅತ್ತೆ! ನಾನ್ ಕೂಗಿದ್ದು ಆ ಮೀಸೆಯಣ್ಣನ್ನ.”

ಪಕ್ಕದಲ್ಲೇ ಬೆವರು ಒರೆಸುತ್ತಿದ್ದ ಮೀಸೆ ಮುನಿಯಪ್ಪ ಅದನ್ನು ಕೇಳಿ ಮೀಸೆ ತಿರುವಿದ. ತಾಯಿಯ ಮುಖವೂ ತಿಳಿಯಾಯಿತು.

ಮನೆಗೆ ನಡೆಯುವಾಗ ತಾಯಿ ಮುಂದೆ ಹೋಗಲೆಂದು ರತ್ನಮ್ಮ ಬೇಕೆಂದೇ ಹಿಂದೆ ಉಳಿದಳು. ಸುಲಿದಿದ್ದ ನನ್ನ ಅಂಗೈಯನ್ನು ಸೆರಗಿನಿಂದ ಒತ್ತುತ್ತಾ ಮೆಲ್ಲಗೆ ಅಂದಳು:

“ಸದ್ಯ, ನಾಲ್ಕ್ ಜನ ಇದ್ರಿ. ನೀವೊಬ್ರೇ ಆಗಿದ್ದಿದ್ರೆ ನಾನ್ ಎಂಗ್ರೀ ಕೂಗ್ತಿದ್ದೆ?”