ನಾಲ್ಕನೆಯ ಮಹಡಿಯ ಒಂಬತ್ತು ಮೀಟರ್

ಗಸ್ಸಾನ್ ನಮ್ಮ ಕಟ್ಟಡದೊಳಗೆ ಮೊದಲ ಸಲ ಕಾಲಿಟ್ಟದ್ದು ಏಪ್ರಿಲ್ ಹನ್ನೊಂದರ ಶುಕ್ರವಾರ, ಬೆಳಗ್ಗೆ ಹತ್ತೂವರೆಗೆ. ಗ್ರೀಸಿನ ವೋಲೊಸ್ ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮದು ಐದು ಮಹಡಿಯ ಹಳೆಯ ಕಟ್ಟಡ. ನಾನಿರುವುದು ನೆಲಮಹಡಿಯಲ್ಲಿ, ಬಾಗಿಲ ಪಕ್ಕದಲ್ಲೇ. ಮನೆ ನೋಡಲು ಬಂದವರು ಲಿಫ್ಟ್ ನಡೆಯುತ್ತದೆಯೇ, ಮೇಲಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳುವುದು ರೂಢಿ. ಇವನು ಕೇಳಿದ್ದು ನನ್ನ ಕೈಯಲ್ಲಿದ್ದ ಬ್ರೆಡ್ಡಿನ ಕಾಗದದ ಚೀಲವನ್ನು.

"ಅಮ್ಮ, ದಯವಿಟ್ಟು ಅದನ್ನು ಒಂದು ನಿಮಿಷ ಕೊಡುವಿರಾ? ಬ್ರೆಡ್ ಬೇಡ, ಚೀಲ ಮಾತ್ರ."

ಕೊಟ್ಟೆ. ಬುಡ ತಿರುಗಿಸಿ, ಅಂಟಿಸಿದ ಕಡೆ ಉಗುರು ಹಾಕಿ ನೋಡಿದ. "ಒಂದೇ ಸಾಲು ಗೋಂದು ಹಾಕಿದ್ದಾರೆ. ಬ್ರೆಡ್ ಬಿಸಿ ಇದ್ದರೆ ಬಿಟ್ಟುಕೊಳ್ಳುತ್ತದೆ" ಎಂದು ಹೇಳಿ, ಚೀಲವನ್ನು ಮಡಿಸಿ ವಾಪಸ್ ಕೊಟ್ಟು ಮೇಲೆ ಹೋದ. ಅವನು ಹೇಳಿದ್ದು ನಿಜ. ಆ ಬೇಕರಿಯ ಚೀಲ ಎರಡು ಸಲ ಮೆಟ್ಟಿಲ ಮೇಲೆಯೇ ಬುಡ ಬಿಟ್ಟಿತ್ತು.

ಐವತ್ತರ ಹತ್ತಿರದ ಆಳು, ಅಗಲ ಭುಜ, ಶರ್ಟಿನ ಜೇಬಿನಲ್ಲಿ ಸದಾ ಒಂದು ಸಣ್ಣ ಅಳತೆ ಟೇಪು. ಊರು ಲೆಬನಾನಿನ ಝಹ್ಲೆ. ಅಲ್ಲಿ ಬೇಕರಿಗಳಿಗೆ ಕಾಗದದ ಚೀಲ ಮಾಡುವ ಕಾರ್ಖಾನೆ ಇಟ್ಟಿದ್ದ. ಹದಿನಾಲ್ಕು ಜನ ಕೆಲಸಕ್ಕಿದ್ದರು. ನಮ್ಮ ಭಾಷೆಯನ್ನು ಫೋನಿನಲ್ಲಿ ಎರಡು ವರ್ಷ ಕಲಿತಿದ್ದನಂತೆ. ಅದಕ್ಕೇ ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದ, ಮೆಟ್ಟಿಲ ಮೇಲಿನ ಬೆಕ್ಕಿಗೂ "ತಾವು ಸ್ವಲ್ಪ ಸರಿಯಿರಿ" ಅನ್ನುತ್ತಿದ್ದ.

ನಾಲ್ಕನೆಯ ಮಹಡಿಯ ಎಡಗಡೆ ಮನೆ ಅವನಿಗೆ ಹಿಡಿಸಿತು. ಅದು ತೀರಿಕೊಂಡ ನಿಯೋಕ್ಲಿಸನ ಮನೆ. ಮಗಳು ಫೋತಿನಿ ಲಾರಿಸಾದಲ್ಲಿದ್ದಾಳೆ, ಮಾರಲು ಇಟ್ಟಿದ್ದಳು. ಮುಂಗಡ ಕೊಟ್ಟದ್ದೂ ಆಯಿತು. ಮೇ ಮೂವತ್ತರೊಳಗೆ ನೋಂದಣಿ ಆಗದಿದ್ದರೆ ಮನೆ ಬೇರೆಯವರಿಗೆ ಎಂದು ಫೋತಿನಿ ಬರೆಸಿಕೊಂಡಿದ್ದಳು.

ಸುದ್ದಿ ಬೇಕರಿಗೆ ಮುಟ್ಟಲು ಒಂದು ದಿನವೂ ಹಿಡಿಯಲಿಲ್ಲ.

"ಕೊಳ್ತಾನಂತೆ, ಆದ್ರೆ ಇರಲ್ವಂತೆ" ಎಂದಳು ಬೇಕರಿಯವಳು. "ವರ್ಷಕ್ಕೆ ಇಪ್ಪತ್ತು ದಿನ ಬಂದ್ರೆ ಹೆಚ್ಚಂತೆ. ಅಷ್ಟು ದೊಡ್ಡ ಮನೇಲಿ ಏನಿಡ್ತಾನೆ ಅಸಿಮೀನಕ್ಕ, ಗಾಳಿ ತುಂಬಿಡ್ತಾನಾ?"

"ನನಗೇನು ಗೊತ್ತು. ನಿನ್ನ ಚೀಲದ ಗೋಂದು ಸಾಲದು ಅಂದ."

"ಹಾಂ. ಹಾಗಾದ್ರೆ ಅವನು ಸರಿಯಿಲ್ಲ ಬಿಡು."

ನನಗೂ ಕುತೂಹಲವಿತ್ತು. ಇರದ ಮನೆ ಯಾಕೆ? ಒಂದು ದಿನ ಕಾಫಿಗೆ ಕರೆದು ನೇರವಾಗಿ ಕೇಳಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಹೊರದೇಶದವನು ಇಲ್ಲಿ ಇಂತಿಷ್ಟು ಬೆಲೆಯ ಮನೆ ಕೊಂಡರೆ ಸರಕಾರ ಅವನಿಗೆ ವಾಸದ ಪರವಾನಗಿ ಕೊಡುತ್ತದೆ, ಒಂದು ಕಾರ್ಡು. ಅದು ಕೈಯಲ್ಲಿದ್ದರೆ ಇಟಲಿಗೋ ಜರ್ಮನಿಗೋ ಹೋಗಲು ಪ್ರತಿ ಸಲ ವೀಸಾ ಬೇಡುವ ಕೆಲಸವಿಲ್ಲ. ಮನೆಗಿಂತ ಅವನಿಗೆ ಬೇಕಾದದ್ದು ಆ ಕಾರ್ಡು.

"ಇಟಲಿಯಲ್ಲಿ ಏನಿದೆ ನಿನಗೆ?"

"ಒಂದು ಉರುಳೆ ಇತ್ತು, ಅಮ್ಮ" ಎಂದ.

ಅವನ ಯಂತ್ರ ಇಟಲಿಯದು. ಕಾಗದ ಎಳೆಯುವ ಉರುಳೆ ಬಿರುಕು ಬಿಟ್ಟಿತ್ತು. ಹಿಂದೊಮ್ಮೆ ಫೋಟೋ ನೋಡಿ ತರಿಸಿದ್ದ ಉರುಳೆ ಮೂರು ಮಿಲಿಮೀಟರ್ ಹೆಚ್ಚು ದಪ್ಪ ಬಂದು ಹಾಳಾಗಿತ್ತು. ಈ ಸಲ ತಾನೇ ಹೋಗಿ ಅಳೆದು ತರಬೇಕೆಂದು ವೀಸಾಕ್ಕೆ ಅರ್ಜಿ ಹಾಕಿದ. ನಾಲ್ಕು ತಿಂಗಳಾದ ಮೇಲೆ ಇಲ್ಲವೆಂದರು. ಅಷ್ಟರಲ್ಲಿ ಬೇಕರಿಗಳೆಲ್ಲ ಬೇರೆಯವನ ಹತ್ತಿರ ಚೀಲ ಕೊಳ್ಳತೊಡಗಿದ್ದವು, ಹದಿನಾಲ್ಕು ಜನರಲ್ಲಿ ಆರು ಜನ ಬಿಟ್ಟುಹೋಗಿದ್ದರು. ಅಪ್ಪನ ದ್ರಾಕ್ಷಿ ತೋಟ ಮಾರಿ ಅವನು ಇಲ್ಲಿಗೆ ಬಂದ. ಇದೂ ತಪ್ಪಿದರೆ ಮಾರಲು ಇನ್ನೊಂದು ತೋಟವಿರಲಿಲ್ಲ.

ಮೇ ಹನ್ನೆರಡರ ಸೋಮವಾರ ಎಂಜಿನಿಯರ್ ಹುಡುಗಿ ವಾಯಾ ಅಳೆಯಲು ಬಂದಳು. ಮನೆ ನಕ್ಷೆಯಲ್ಲಿದ್ದಂತೆಯೇ ಇದೆ ಎಂದು ಎಂಜಿನಿಯರ್ ಸಹಿ ಹಾಕದೆ ಇಲ್ಲಿ ಮಾರಾಟ ನಡೆಯುವುದಿಲ್ಲ. ಒಂದು ಗಂಟೆಯ ಮೇಲೆ ಕೆಳಗಿಳಿದು ನನ್ನ ಬಾಗಿಲಲ್ಲಿ ನಿಂತಳು.

"ಅಜ್ಜಿ, ನಕ್ಷೆಯಲ್ಲಿ ನೂರಿಪ್ಪತ್ತೆರಡು ಚದರ ಮೀಟರ್ ಇದೆ. ನಾನು ಮೂರು ಸಲ ಅಳೆದೆ, ನೂರಹದಿಮೂರೇ ಬರ್ತಿದೆ. ಒಂದು ಕೋಣೆ ಕಾಣಿಸ್ತಿಲ್ಲ."

"ಕಡಿಮೆ ಇದ್ರೆ ಕಡಿಮೆ ಬೆಲೆಗೆ ಕೊಳ್ಳಲಿ ಬಿಡು."

"ಅದಲ್ಲ ಅಜ್ಜಿ. ಈ ಪರವಾನಗಿಗೆ ನೂರಿಪ್ಪತ್ತು ಮೀಟರಿಗಿಂತ ಒಂದು ಚೂರೂ ಕಡಿಮೆ ಇರಬಾರದು. ಇಲ್ಲದಿದ್ರೆ ಅವರು ಮನೆ ಕೊಂಡ್ರೂ ಕಾರ್ಡ್ ಸಿಗಲ್ಲ."

ಕಾಣದ ಕೋಣೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅದು ಬಲಗಡೆ ಮನೆಯಲ್ಲಿತ್ತು, ಪಾಂಡೆಲಿಸನ ಹತ್ತಿರ.

ಪಾಂಡೆಲಿಸ್ ಪೆಲಿಯನ್ ಬೆಟ್ಟದ ತಿರುವುಗಳಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಈಗ ಎಂಬತ್ತನಾಲ್ಕು. ೧೯೮೧ರಲ್ಲಿ ಅವನಿಗೆ ಮಗಳು ಹುಟ್ಟಿದಾಗ ಮಗುವನ್ನು ಚರ್ಚಿನಲ್ಲಿ ದೀಕ್ಷಾಸ್ನಾನದ ನೀರಿನಿಂದ ಎತ್ತಿ ಲೆಮೊನ್ಯಾ ಎಂದು ಹೆಸರಿಟ್ಟವನು ನಿಯೋಕ್ಲಿಸ್. ನಮ್ಮಲ್ಲಿ ಹೆಸರಿಟ್ಟ ತಂದೆ ಎಂದರೆ ಒಡಹುಟ್ಟಿದವನಿಗಿಂತ ಹತ್ತಿರ. ಮಗುವಿನ ಮನೆಯಲ್ಲಿ ಇಕ್ಕಟ್ಟು, ತನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಎಂದು ನಿಯೋಕ್ಲಿಸ್ ಆ ಕೋಣೆಯನ್ನೇ ಕೊಟ್ಟುಬಿಟ್ಟ. ತನ್ನ ಕಡೆಯ ಬಾಗಿಲು ಮುಚ್ಚಿಸಿ, ಪಾಂಡೆಲಿಸನ ಕಡೆ ಗೋಡೆ ಒಡೆಸಿ ಬಾಗಿಲು ಇಡಿಸಿದ. ಒಂದೇ ಭಾನುವಾರದ ಕೆಲಸ. ಕಾಗದ ಪತ್ರ ಯಾರಿಗೂ ನೆನಪಾಗಲಿಲ್ಲ. ಹೆಸರಿಟ್ಟ ತಂದೆಯ ಹತ್ತಿರ ಕಾಗದ ಕೇಳುವುದು ಮುಖಕ್ಕೆ ಹೊಡೆದಂತೆ. ಇಟ್ಟಿಗೆ ಇಟ್ಟವನು ನನ್ನ ಗಂಡ ಸ್ತೆರ್ಯೋಸ್, ಗಾರೆ ಹೊತ್ತು ಕೊಟ್ಟವಳು ನಾನು.

ವಾಯಾ ಮತ್ತು ಗಸ್ಸಾನ್ ಪಾಂಡೆಲಿಸನ ಬಾಗಿಲು ತಟ್ಟಿದರು. ನಾನೂ ಹಿಂದೆ ಹೋದೆ.

"ಅದು ಕೊಟ್ಟ ಕೋಣೆ ಕಣಮ್ಮ" ಎಂದ ಪಾಂಡೆಲಿಸ್. "ಕೊಟ್ಟವನು ಸತ್ತು ಆರು ವರ್ಷ ಆಯ್ತು. ಈಗ ವಾಪಸ್ ಕೇಳೋನು ಯಾರು?"

"ಕಾಗದದಲ್ಲಿ ಅದು ನಿಮ್ಮದಲ್ಲ ತಾತ."

"ಕಾಗದ ಯಾವತ್ತಾದ್ರೂ ಆ ಕೋಣೇಲಿ ಮಲಗಿದೆಯಾ? ನನ್ನ ಮಗಳು ಇಪ್ಪತ್ಮೂರು ವರ್ಷ ಮಲಗಿದಾಳೆ."

"ಈಗ ಯಾರು ಮಲಗ್ತಾರೆ?"

"ಹನ್ನೊಂದು ಜನ."

ಹನ್ನೊಂದೂ ಕ್ಯಾನರಿ ಹಕ್ಕಿಗಳು. ಲೆಮೊನ್ಯಾ ಮದುವೆಯಾಗಿ ತ್ರಿಕಾಲಾಗೆ ಹೋದ ಮೇಲೆ ಅವನು ಆ ಕೋಣೆಯಲ್ಲಿ ಹಕ್ಕಿ ಸಾಕುತ್ತಿದ್ದ. ಮೂರು ಹೆಣ್ಣುಗಳು ಮೊಟ್ಟೆಯ ಮೇಲೆ ಕೂತಿದ್ದವು. ಈ ಕಾಲದಲ್ಲಿ ಗೂಡಿನ ಜಾಗ ಬದಲಾದರೆ ತಾಯಿ ಮೊಟ್ಟೆ ಬಿಟ್ಟೇಳುತ್ತದೆ ಎಂದ. ಆ ಕೋಣೆ ಬಿಟ್ಟರೆ ಬೆಳಗಿನ ಬಿಸಿಲು ಬೀಳುವ ಬೇರೆ ಕೋಣೆ ಅವನಿಗಿರಲಿಲ್ಲ.

ವಾಯಾ ಮೆಟ್ಟಿಲ ಮೇಲೆ ಗಸ್ಸಾನನಿಗೆ ಹೇಳಿದಳು: "ಕೋರ್ಟಿಗೆ ಹೋಗಬಹುದು. ಐದು ವರ್ಷ, ಆರು ವರ್ಷ."

"ನನಗೆ ಹದಿನೆಂಟು ದಿವಸಗಳಿವೆ" ಎಂದ ಗಸ್ಸಾನ್. ದನಿ ಏರಿಸಲಿಲ್ಲ.

ನಾನು ಎರಡು ದಿನ ಸುಮ್ಮನಿದ್ದೆ. ಆ ಭಾನುವಾರ ನಿಯೋಕ್ಲಿಸ್ ಆಡಿದ ಮಾತು ನನ್ನ ಕಿವಿಯಲ್ಲಿತ್ತು. ಪಾಂಡೆಲಿಸ್ ಅಂದು ಮನೆಯಲ್ಲಿರಲಿಲ್ಲ, ಬಸ್ಸಿನ ಜೊತೆ ಬೆಟ್ಟದ ಮೇಲಿದ್ದ. ಕೇಳಿದವರು ಅವನ ಹೆಂಡತಿ, ನನ್ನ ಗಂಡ, ನಾನು. ಅವರಿಬ್ಬರೂ ಈಗಿಲ್ಲ, ಉಳಿದವಳು ನಾನೊಬ್ಬಳೇ. ಬಾಯಿ ಬಿಟ್ಟರೆ ನಲವತ್ತು ವರ್ಷದ ನೆರೆಯವನ ಕೋಣೆ ಹೋಗುತ್ತದೆ. ಬಿಡದಿದ್ದರೆ ಒಂದು ತಿಂಗಳ ಪರಿಚಯದವನ ಕಾರ್ಡು ಹೋಗುತ್ತದೆ. ನ್ಯಾಯ ನೋಡಿದರೆ ಪರಿಚಯದ ಲೆಕ್ಕ ಬರುವುದಿಲ್ಲ, ಆದರೂ ಎರಡು ದಿನ ಬೇಕಾಯಿತು.

ಬುಧವಾರ ಮೇಲೆ ಹೋದಾಗ ಗಸ್ಸಾನ್ ಆಗಲೇ ಪಾಂಡೆಲಿಸನ ಹಕ್ಕಿ ಕೋಣೆಯಲ್ಲಿ ಮಣೆಯ ಮೇಲೆ ಕೂತಿದ್ದ. ಜಗಳ ನಡೆಯುತ್ತಿರಲಿಲ್ಲ. ಪಾಂಡೆಲಿಸ್ ಸಣ್ಣ ಲೋಟಗಳಲ್ಲಿ ಸಿಪೂರೋ ಸಾರಾಯಿ ಬಗ್ಗಿಸಿ, ಉಪ್ಪಿನ ಮೀನು ಇಟ್ಟಿದ್ದ.

"ನೋಡು ಇವನನ್ನ" ಎಂದ ನನಗೆ. "ನಿನ್ನೆಯಿಂದ ಬರ್ತಾನೆ, ಕೂರ್ತಾನೆ. ಕೋಣೆ ಕೊಡಿ ಅಂತ ಒಂದು ಸಲಾನೂ ಕೇಳಿಲ್ಲ. ಹಕ್ಕಿಗಳಿಗೆ 'ತಾವು ಚೆನ್ನಾಗಿ ಹಾಡುತ್ತೀರಿ' ಅಂತಾನೆ. ಇವನನ್ನ ಬೈಯೋದು ಹೇಗೆ ಮಾರಾಯ್ತಿ?"

"ಪಾಂಡೆಲಿಸ್, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ನಿಯೋಕ್ಲಿಸ್ ಈ ಕೋಣೆ ಕೊಟ್ಟಿದ್ದು ಶಾಶ್ವತವಾಗಿ ಅಲ್ಲ. 'ಹುಡುಗಿ ಮದುವೆಯಾಗಿ ಹೋಗೋವರೆಗೆ ಇಟ್ಕೊಳ್ಳಿ' ಅಂದ. ನಿನ್ನ ಹೆಂಡತಿ ಎದುರಿಗೇ ಅಂದ."

ಅವನು ಲೋಟ ಕೆಳಗಿಟ್ಟ. "ನನಗೆ ಯಾರೂ ಹೇಳಿಲ್ಲ."

"ಅವಳು ಹೇಳಿಲ್ವಾ?"

"ಹೇಳಿದ್ರೆ ಮದುವೆ ಮಾರನೇ ದಿನವೇ ನಾನು ವಾಪಸ್ ಕೊಡ್ತಿದ್ದೆ ಅಂತ ಗೊತ್ತಿತ್ತು ಅವಳಿಗೆ." ಮೀನಿನ ತಟ್ಟೆಯನ್ನು ನನ್ನ ಕಡೆ ಸರಿಸಿ ಅಂದ: "ನಿನ್ನ ಮಾತು ನಂಬಲ್ಲ ಅಂತಲ್ಲ ಅಸಿಮೀನಾ. ಆದ್ರೆ ನಿನಗೂ ವಯಸ್ಸಾಯ್ತು. ನಲವತ್ತನಾಲ್ಕು ವರ್ಷದ ಹಿಂದಿನ ಮಾತು."

"ನನ್ನ ನೆನಪು ಬಿಡು. ಗಾರೆ ನೋಡು ಬಾ."

ಮೂವರೂ ಪಕ್ಕದ ಮನೆಗೆ ಹೋದೆವು. ಬೀಗದ ಕೈ ಗಸ್ಸಾನನ ಹತ್ತಿರವೇ ಇತ್ತು. ನಡುಮನೆಯ ಗೋಡೆಯಲ್ಲಿ ಬಾಗಿಲು ಮುಚ್ಚಿದ ಜಾಗವನ್ನು ಕೈಯಲ್ಲಿ ತಡವಿ ತೋರಿಸಿದೆ. ಮೇಲಿನ ಲೇಪ ಒಂದು ಅಂಗೈಯಷ್ಟು ಕೆರೆದು, ಇಟ್ಟಿಗೆ ಸಂದಿಗೆ ಬೀಗದ ಕೈ ತುರುಕು ಎಂದೆ. ಪಾಂಡೆಲಿಸ್ ತುರುಕಿದ. ಗಾರೆ ರವೆಯಂತೆ ಉದುರಿತು. ಬದಿಯ ಗೋಡೆಯ ಸಂದಿಯಲ್ಲೂ ಹಾಗೇ ಮಾಡು ಎಂದೆ. ಅಲ್ಲಿ ಬೀಗದ ಕೈಯ ತುದಿ ಬಾಗಿತು, ಗಾರೆಗೆ ಗೀರೂ ಬೀಳಲಿಲ್ಲ.

"ಅವತ್ತು ಬರೀ ಸುಣ್ಣ, ಮರಳು" ಎಂದೆ. "ಸಿಮೆಂಟಿನ ಚೀಲ ಪಕ್ಕದಲ್ಲೇ ಇತ್ತು. ಹಾಕಲ್ವಾ ಅಂತ ಕೇಳಿದೆ. 'ಇದು ಮತ್ತೆ ತೆಗೆಯೋ ಬಾಗಿಲು, ತೆಗೆಯೋನಿಗೆ ಯಾಕೆ ತೊಂದರೆ' ಅಂದ ಸ್ತೆರ್ಯೋಸ್. ಅವನು ನಿಲ್ಲಬೇಕಾದ ಗೋಡೆಗೆ ಸುಣ್ಣ ಕಲಸಿದ್ದನ್ನ ನೀನು ಯಾವತ್ತಾದ್ರೂ ನೋಡಿದೀಯಾ?"

ಪಾಂಡೆಲಿಸ್ ಉದುರಿದ ಪುಡಿಯನ್ನು ಬೆರಳಲ್ಲಿ ಉಜ್ಜಿದ. ಅವನ ಮನೆಯ ಅಡುಗೆಮನೆ ಗೋಡೆಯನ್ನೂ ನನ್ನ ಗಂಡನೇ ಕಟ್ಟಿದ್ದು. ಅಲ್ಲೊಂದು ಮೊಳೆ ಹೊಡೆಯಲು ಅವನು ಮೂರು ಮೊಳೆ ಮುರಿದಿದ್ದ.

"ಇಲ್ಲ" ಎಂದ ಕೊನೆಗೆ. "ಹಾಗಾದ್ರೆ ಇದು ಇವನದೇ."

ಗಸ್ಸಾನ್ ಖುಷಿಪಟ್ಟಂತೆ ಕಾಣಲಿಲ್ಲ. ಮುಚ್ಚಿದ ಬಾಗಿಲನ್ನೂ ಗೋಡೆಯಾಚೆಯ ಹಾಡನ್ನೂ ಒಟ್ಟಿಗೆ ಗಮನಿಸುತ್ತಿದ್ದ. ಆಮೇಲೆ ಜೇಬಿನ ಟೇಪು ತೆಗೆದು ಬಾಗಿಲ ಅಗಲ ಅಳೆದ. ಯೋಚನೆ ಮಾಡಬೇಕಾದರೆ ಅವನಿಗೆ ಏನನ್ನಾದರೂ ಅಳೆಯಬೇಕು.

"ತಾತ, ಕಾಗದಕ್ಕೆ ಬೇಕಾಗಿರುವುದು ಬಾಗಿಲು. ಹಕ್ಕಿಗಳು ಯಾವ ಕಡೆ ಇರಬೇಕು ಎಂದು ಯಾವ ಕಾಗದವೂ ಕೇಳುವುದಿಲ್ಲ. ಬಾಗಿಲು ಈ ಕಡೆಗೆ ಬರಲಿ. ಹಕ್ಕಿಗಳು ಅಲ್ಲೇ ಇರಲಿ. ಇನ್ನೊಂದು ಬೀಗದ ಕೈ ತಮ್ಮ ಹತ್ತಿರ ಇರಲಿ."

"ಅಂದ್ರೆ ನಾನು ನನ್ನ ಬಾಗಿಲಿಂದ ಹೊರಗೆ ಬಂದು, ನಿನ್ನ ಬಾಗಿಲಿಂದ ಒಳಗೆ ಹೋಗಿ ಕಾಳು ಹಾಕ್ಬೇಕು?"

"ಒಂಬತ್ತು ಹೆಜ್ಜೆ. ನಾನು ಎಣಿಸಿದೆ."

"ಬರ್ಕೊಡ್ತೀಯಾ?"

"ಬೇಕಾದರೆ ಬರೆದುಕೊಡುತ್ತೇನೆ."

ಪಾಂಡೆಲಿಸ್ ನನ್ನ ಮುಖ ನೋಡಿದ. ಆಮೇಲೆ, "ಬೇಡ ಬಿಡು, ಅವಮಾನ" ಎಂದು ಕೈ ಚಾಚಿದ. ಕೈ ಕುಲುಕಿದ್ದನ್ನು ಕೇಳಿದ ವಾಯಾ ತಲೆ ಹಿಡಿದುಕೊಂಡಳು. "ನೀವು ಯಾರೂ ಉದ್ಧಾರ ಆಗಲ್ಲ. ನಾನು ಬಾಗಿಲು ಮಾತ್ರ ನೋಡ್ತೀನಿ, ನಿಮ್ಮ ಮಾತು ನನ್ನ ಕಿವಿಗೆ ಬಿದ್ದಿಲ್ಲ" ಎಂದಳು.

ಇಟ್ಟಿಗೆ ತೆಗೆಯಲು ಸುತ್ತಿಗೆ ಬೇಕಾಗಲಿಲ್ಲ. ಮೇಸ್ತ್ರಿ ಹಳೆಯ ಗರಗಸದ ಅಲಗಿನಲ್ಲಿ ಒಂದೊಂದೇ ಬಿಡಿಸಿ ಕೈಯಲ್ಲಿ ಎತ್ತಿಟ್ಟ. ಅದೇ ಇಟ್ಟಿಗೆಗಳಿಂದ ಪಾಂಡೆಲಿಸನ ಕಡೆಯ ಬಾಗಿಲನ್ನು ಮುಚ್ಚಿದ. ಅಷ್ಟೂ ಹೊತ್ತು ಪಾಂಡೆಲಿಸ್ ಪಂಜರಗಳಿಗೆ ಹಾಸಿಗೆ ಬಟ್ಟೆ ಹೊದಿಸಿ ಒಳಗೇ ಕೂತಿದ್ದ. ಒಂದು ಹೆಣ್ಣು ಎದ್ದುಹೋಯಿತು, ಎರಡು ಕದಲಲಿಲ್ಲ. ಮೇ ಇಪ್ಪತ್ತೆಂಟಕ್ಕೆ ವಾಯಾ ಮತ್ತೆ ಅಳೆದಳು. ನೂರಿಪ್ಪತ್ತೆರಡು ಬಂತು. ಇಪ್ಪತ್ತೊಂಬತ್ತಕ್ಕೆ ನೋಂದಣಿ ಆಯಿತು.

ಅರ್ಜಿಯ ಕಾಗದಗಳು ಊರು ಸುತ್ತಿ ಬರಲು ಇಡೀ ಚಳಿಗಾಲ ಹಿಡಿಯಿತು. ನಡುವೆ ಎರಡು ಸಲ ಗಸ್ಸಾನ್ ಬಂದುಹೋದ. ಪಾಂಡೆಲಿಸ್ ಬೆಳಗ್ಗೆ ಆರಕ್ಕೇ ಬೀಗ ತೆಗೆದು ಒಳನುಗ್ಗಿ, ಒಳಉಡುಪಿನಲ್ಲಿ ಕಾಫಿ ಕಾಸುತ್ತಿದ್ದ ಮನೆಯೊಡೆಯನನ್ನು ಕಂಡು, "ನೀನು ಬಂದಿದೀಯಾ, ಹೇಳೋದಲ್ವಾ" ಎಂದು ಅವನಿಗೇ ಗದರಿದನಂತೆ. ಗಸ್ಸಾನ್ ಕ್ಷಮೆ ಕೇಳಿ ಇನ್ನೊಂದು ಲೋಟ ಇಟ್ಟನಂತೆ.

ಮಾರ್ಚ್ ಹದಿನೇಳಕ್ಕೆ ಕಾರ್ಡು ಕೈಗೆ ಸಿಕ್ಕಿತು. ತಂದು ನನ್ನ ಅಂಗೈಯಲ್ಲಿಟ್ಟ. ಬಸ್ ಪಾಸಿನಷ್ಟೇ ಇತ್ತು, ತೂಕವೇ ಇರಲಿಲ್ಲ. ಹೆಸರನ್ನು ಅಕ್ಷರ ಕೂಡಿಸಿ ಓದಿದೆ, ಹಿಂದುಮುಂದು ತಿರುಗಿಸಿ ನೋಡಿದೆ. ಮೂರನೆಯ ದಿನ ಅವನು ಸಣ್ಣ ಪೆಟ್ಟಿಗೆ ಹಿಡಿದು ಇಗುಮೆನಿತ್ಸಾಗೆ ಹೋಗಿ, ಅಲ್ಲಿಂದ ಇಟಲಿಯ ಹಡಗು ಹತ್ತಿದ. ಮಾರನೆಯ ದಿನ ಆಂಕೋನಾದಿಂದ ಫೋನ್ ಬಂತು. ನಾನು ಬೀನ್ಸ್ ಬಿಡಿಸುತ್ತಾ ಕೂತಿದ್ದೆ.

"ತಲುಪಿದೆಯಾ?"

"ತಲುಪಿದೆ, ಅಮ್ಮ. ಹಡಗಿನಿಂದ ಇಳಿದೆ."

"ಏನು ಕೇಳಿದ್ರು?"

"ಯಾರೂ ಏನೂ ಕೇಳಲಿಲ್ಲ. ಕಾಗದಗಳನ್ನೆಲ್ಲ ಕೈಯಲ್ಲಿ ಹಿಡಿದು ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಯಾರಾದರೂ ಕೇಳುವರೇನೋ ಎಂದು. ಎಲ್ಲರೂ ಪಕ್ಕದಿಂದ ನಡೆದುಹೋದರು."

"ಆಮೇಲೆ?"

"ಆಮೇಲೆ ನಾನೂ ನಡೆದೆ."