ಹಳದಿಗೆ ತಿರುಗಿದ ಚೀಲ

ಅವನು ಕರುಣೆ ಇಲ್ಲದ ಮನುಷ್ಯ. ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ತಕರಾರು ಎಂದೇ ಕರೆಯುತ್ತಿದ್ದರು. ಹೇಳಿ ಮಾಡಿಸಿದ ಹೆಸರು.

ಔಷಧಿಗೆ ಜಗ್ಗದೆ ಅಡಗಿ ಕುಳಿತು, ಗೆಡ್ಡೆಯನ್ನು ಮತ್ತೆ ಬೆಳೆಸುವ ಕೆಲವು ಕ್ಯಾನ್ಸರ್ ಕೋಶಗಳಿರುತ್ತವೆ. ಅವನ್ನು ಕ್ಯಾನ್ಸರ್ ಕಾಂಡಕೋಶ ಎನ್ನುತ್ತಾರೆ. ರೋಗಿಯ ರಕ್ತದಿಂದಲೇ ರೋಗನಿರೋಧಕ ಕೋಶಗಳನ್ನು ತೆಗೆದು, ಅವುಗಳಿಗೆ ಈ ಕಾಂಡಕೋಶಗಳ ಗುರುತು ಹಿಡಿಯಲು ಕಲಿಸಿ, ಪೋಷಕ ದ್ರವ ತುಂಬಿದ ಚೀಲದಲ್ಲಿ ಬೆಳೆಸಿ ಮರಳಿ ದೇಹಕ್ಕೆ ಹರಿಸುವುದು ನಮ್ಮ ಕೆಲಸ. ಬೆಳೆಸುವವನು ತಕರಾರು. ಚೀಲದ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ಬ್ಲೀಚ್ ಸುರಿದು ನಾಶಮಾಡಿಬಿಡುತ್ತಿದ್ದ. "ಇಟ್ಕೊಂಡ್ರೆ ಕೊಟ್ಟುಬಿಡೋಣ ಅಂತ ಆಸೆ ಹುಟ್ಟುತ್ತೆ ಮೇಡಂ," ಎನ್ನುತ್ತಿದ್ದ.

ಒಮ್ಮೆ ಬಂದ ಚೀಲ ಅವನ ಅತ್ತಿಗೆಯದು. ತಾಯಿಯಿಲ್ಲದ ಅವನನ್ನು ಸಾಕಿದವಳು. ಚಿಕಿತ್ಸೆಯೆಲ್ಲ ಮುಗಿದ ಮೇಲೂ ರೋಗ ಮರಳಿತ್ತು. ಬೇರೆ ದಾರಿ ಉಳಿದಿರಲಿಲ್ಲ. ಕೊಡಬೇಕಾದ ಬೆಳಿಗ್ಗೆ ಚೀಲದ ಕೆಂಪು ದ್ರವ ಹಳದಿಗೆ ತಿರುಗಿತ್ತು. ಸೋಂಕು ತಗುಲಿದರೆ ಹಾಗಾಗುತ್ತದೆ. ಕೋಶಗಳು ಹುರುಪಿನಿಂದ ಬೆಳೆದರೂ ಹಾಗೆಯೇ ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವನಿಗೆ ಸಣ್ಣ ಚುಕ್ಕೆಗಳು ಕಂಡವು. ಒಂದು ಹನಿಯನ್ನು ಪರೀಕ್ಷೆಗೆ ಕಳಿಸಿ, ಎರಡು ದಿನದಲ್ಲಿ ಬರುವ ಫಲಿತಾಂಶಕ್ಕೂ ಕಾಯದೆ ಉಳಿದದ್ದಕ್ಕೆ ಬ್ಲೀಚ್ ಸುರಿದ.

ಆ ಹನಿಯಲ್ಲಿ ಯಾವ ಸೋಂಕೂ ಇರಲಿಲ್ಲ. ಚುಕ್ಕೆಗಳು ಸತ್ತ ಕೋಶಗಳ ಚೂರು. ಮತ್ತೆ ರಕ್ತ ತೆಗೆದೆವು. ಅಷ್ಟರಲ್ಲಿ ಅತ್ತಿಗೆ ಸೊರಗಿಹೋಗಿದ್ದಳು. ಈ ಸಲ ಕೋಶಗಳು ಬೆಳೆಯಲಿಲ್ಲ.

"ನಿನ್ನ ಸಾಕಿದವಳು ಕಣೋ! ಎರಡು ದಿನ ತಡ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅವನ ಅಣ್ಣ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂಗಾಡಿದ.

ತಕರಾರು ತಾನೇ ಅತ್ತಿಗೆಯ ಬಳಿ ಹೋಗಿ ಎಲ್ಲ ಹೇಳಿದ. ಅವಳ ವೈದ್ಯೆಯಾದ ನಾನು ಆಗ ಅಲ್ಲೇ ಅವಳ ನಾಡಿ ನೋಡುತ್ತಿದ್ದೆ.

"ಚಿಕ್ಕವನಿದ್ದಾಗ್ಲೂ ನೀನು ಹಾಲು ಒಂಚೂರು ವಾಸನೆ ಬಂದ್ರೂ ಮೋರಿಗೆ ಚೆಲ್ತಿದ್ದೆ," ಎಂದಳು ಅವಳು. "ಆಗ್ಲೇ ಎರಡೇಟು ಹಾಕ್ಬೇಕಿತ್ತು ನಿಂಗೆ."

"ಈಗ ಹಾಕಿ ಅತ್ತಿಗೆ."

"ಕೈಯಲ್ಲಿ ಶಕ್ತಿ ಎಲ್ಲಿದೆ, ಹೋಗೋ."

ಅವಳು ಹೆಚ್ಚು ದಿನ ಉಳಿಯಲಿಲ್ಲ. ಮಣ್ಣು ಮಾಡಿದ ಮರುದಿನವೇ ತಕರಾರು ಕೋಟು ತೊಟ್ಟು ಕೆಲಸಕ್ಕೆ ಬಂದ. ನನಗೆ ಅದು ಹಿಡಿಸಲಿಲ್ಲ. ಅಣ್ಣ ಅವನೊಡನೆ ಮಾತು ಬಿಟ್ಟ.

ಕೆಲವು ತಿಂಗಳ ಮೇಲೆ, ಬಸ್ ಕಂಡಕ್ಟರ್ ಹೆಂಗಸೊಬ್ಬಳ ಚೀಲ ಹಳದಿಗೆ ತಿರುಗಿತು. ಅವೇ ಚುಕ್ಕೆಗಳು. ಅವನು ಬ್ಲೀಚ್ ಬಾಟಲಿ ಎತ್ತಿಕೊಂಡ. ಬಹಳ ಹೊತ್ತು ಹಾಗೇ ನಿಂತು, ಕೆಳಗಿಟ್ಟ. ಪರೀಕ್ಷೆಗೆ ಹನಿ ಕಳಿಸಿ, ಚೀಲವನ್ನು, ಕೋಶಗಳನ್ನು ಬೆಚ್ಚಗಿಡುವ ಒಂದು ಖಾಲಿ ಇನ್‌ಕ್ಯುಬೇಟರ್‌ನೊಳಗೆ ಒಂಟಿಯಾಗಿ ಇರಿಸಿ ಬಾಗಿಲು ಮುಚ್ಚಿದ.

ನಾನು ಕೆಲಸ ಮುಗಿಸಿ ಹೊರಟಾಗ ನೋಡಿದರೆ, ಅದರ ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದ.

"ಮನೆಗೆ ಹೋಗಲ್ವಾ?" ಎಂದೆ.

"ಫಲಿತಾಂಶ ಬರ್ಲಿ ಮೇಡಂ. ಅಲ್ಲೀವರೆಗೆ ಯಾರೂ ಇದನ್ನ ಕೊಡಬಾರ್ದು," ಎಂದ. ಆಮೇಲೆ ನನ್ನ ಮುಖ ನೋಡದೆ, "ಚೆಲ್ಲಲೂಬಾರ್ದು," ಎಂದ.