ಮಗ್ಗುಲು ಬದಲಿಸುವಷ್ಟು ಉದ್ದ

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಬರುವವಳು ನಾನು. ಹಾಗಾಗಿ ನನ್ನ ಗಂಡ ಹಳೆಯ ಜೀಪೊಂದನ್ನು ತಂದು, ಅದರ ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿ, ನಾಲ್ಕು ಇಂಚು ಮೇಲಕ್ಕೆತ್ತಿಸಿ ಕಾಪುವಿನ ನಮ್ಮ ಅಂಗಳದಲ್ಲಿ ನಿಲ್ಲಿಸಿದಾಗ ನಾನು ಹೆದರಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಅಕ್ಕನ ಮನೆಯ ರಸ್ತೆಗೆ ಇದೇ ಸರಿ," ಎಂದರು ಇವರು. ಇವರ ಅಕ್ಕನ ಮನೆ ಇರುವುದು ಕಾರ್ಕಳದ ಆಚೆ, ಒಂದು ಗುಡ್ಡದ ನೆತ್ತಿಯಲ್ಲಿ. ರಸ್ತೆ ಎನ್ನುವುದು ಬರೀ ಮಾತಿಗೆ. ಕೆಂಪು ಮುರಕಲ್ಲಿನ ಕಡಿದಾದ ಇಳಿಜಾರು, ಉದ್ದಕ್ಕೂ ಹೊಂಡಗಳು, ಕೊನೆಯ ತಿರುವಿನಲ್ಲಿ ನೀರು ತುಂಬಿದ ಹಳೆಯ ಕಲ್ಲುಕೋರೆ.

ಆ ಕೋರೆಯ ಹತ್ತಿರವೇ ನಮ್ಮ ಬ್ರೇಕ್ ಹೋದದ್ದು.

ಅಕ್ಕನ ಮನೆಯಲ್ಲಿ ಊಟ ಮುಗಿಸಿ ಇಳಿಯುತ್ತಿದ್ದೆವು. ಹಾಡುಹಗಲು. ಇವರು ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಮಗಳು. ಎಡಗಡೆಯ ಮುಂದಿನ ಚಕ್ರ ದೊಡ್ಡದೊಂದು ಹೊಂಡಕ್ಕೆ ಇಳಿದು ಎದ್ದಿತು. ಅದಾಗಿ ನಾಲ್ಕು ಮಾರು ಹೋಗುವಷ್ಟರಲ್ಲಿ ಬ್ರೇಕ್ ಪೆಡಲು ಇವರ ಕಾಲಿನಡಿ ನೆಲದವರೆಗೂ ಹೋದದ್ದನ್ನು ನೋಡಿದೆ. ಮತ್ತೊಮ್ಮೆ ಒತ್ತಿದರು. ಮತ್ತೆಯೂ ನೆಲಕ್ಕೆ. ಜೀಪು ಮಾತ್ರ ಓಡುತ್ತಲೇ ಇತ್ತು. ನಾನು ಹಾವೇರಿ ಕಡೆಯವಳು. ನರ್ಸಿಂಗ್ ಓದಲು ಉಡುಪಿಗೆ ಬಂದು, ಇಲ್ಲೇ ಮದುವೆಯಾಗಿ, ಇಪ್ಪತ್ತೈದು ವರ್ಷದಲ್ಲಿ ನನ್ನ ಮಾತೂ ಇಲ್ಲಿಯದೇ ಆಗಿದೆ ಎಂದುಕೊಂಡಿದ್ದೆ. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ತವರಿನ ಮಾತೇ: "ನಿಲ್ಸ್ರೀ! ಯವ್ವಾ, ಗಾಡಿ ನಿಲ್ಸ್ರೀ!" ಇವರು ಗೇರನ್ನು ಒಂದಕ್ಕೆ ತಂದು, ಎಡಕ್ಕೆ ತಿರುಗಿಸಿ, ಜೀಪಿನ ಮೈಯನ್ನು ರಸ್ತೆ ಬದಿಯ ಮಣ್ಣಿನ ಗೋಡೆಯಂಥ ದರೆಗೆ ಉಜ್ಜಿಸುತ್ತಾ ಉಜ್ಜಿಸುತ್ತಾ ಹೇಗೋ ನಿಲ್ಲಿಸಿದರು. ಹತ್ತು ಹೆಜ್ಜೆ ಮುಂದೆ ಕೋರೆಯ ಹಸಿರು ನೀರು. ಹಿಂದಿನಿಂದ ನನ್ನ ಭುಜ ಹಿಡಿದಿದ್ದ ಕೈಯನ್ನು ಮಗಳು ಬಹಳ ಹೊತ್ತು ಬಿಡಲಿಲ್ಲ. ಅವಳ ಉಗುರಿನ ಗುರುತು ಎರಡು ದಿನ ಹಾಗೇ ಇತ್ತು.

ಕಾರಣ ತಿಳಿಯಲು ದೊಡ್ಡ ಮೆಕ್ಯಾನಿಕ್ ಬೇಕಿರಲಿಲ್ಲ. ಜೀಪಿನ ಮೈಯಿಂದ ಚಕ್ರಕ್ಕೆ ಬ್ರೇಕಿನ ಎಣ್ಣೆ ಹೋಗುವುದು ಒಂದು ರಬ್ಬರ್ ಪೈಪಿನಲ್ಲಿ. ಜೀಪನ್ನು ಎತ್ತರ ಮಾಡಿದ ಮೇಲೆ ಮೈಗೂ ಚಕ್ರಕ್ಕೂ ನಡುವಿನ ದೂರ ಹೆಚ್ಚಾಗಿತ್ತು, ಪೈಪು ಮಾತ್ರ ಹಳೆಯ ಅಳತೆಯದೇ. ಚಕ್ರ ಹೊಂಡದಲ್ಲಿ ಜೋತಾಗಲೆಲ್ಲ ಅದು ಎಳೆದೆಳೆದು ಕೊನೆಗೆ ಬುಡದಲ್ಲಿ ಬಿರಿದಿತ್ತು. ಹಳೆಯ ಗಾಡಿಯಾದ್ದರಿಂದ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ದಪ್ಪ ಟಯರು ಹುಡುಕಲು, ಮುಂದೆ ನಾಲ್ಕು ದೀಪ ಸಿಕ್ಕಿಸಲು ಪುರುಸೊತ್ತಿದ್ದ ಮನುಷ್ಯನಿಗೆ ಪೈಪು ಬದಲಿಸಲು ಪುರುಸೊತ್ತಿರಲಿಲ್ಲ! ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಬಾಯಿ ತುಂಬ ಬೈದೆ.

ಉದ್ದದ ಪೈಪುಗಳು ಬರುವಷ್ಟರಲ್ಲಿ ಮಗಳಿಗೆ ಲೈಸೆನ್ಸ್ ಬಂತು. ಮಣಿಪಾಲದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ. "ಮುಂದಿನ ಸಲ ಅತ್ತೆ ಮನೆಗೆ ನಾನೇ ಓಡಿಸುವುದು," ಎಂದಳು. ಇವರು "ಆಯ್ತು" ಎಂದೂಬಿಟ್ಟರು. ಇಬ್ಬರೂ ನನ್ನ ಮುಖ ನೋಡಲಿಲ್ಲ. ಅಂದರೆ ಈ ಸಲ ಆ ಪೆಡಲಿನ ಮೇಲೆ ಇರುವುದು ಅವಳ ಕಾಲು. ಆ ರಾತ್ರಿಯಿಂದ ನನಗೆ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಇವರು ಜೀಪಿನ ಮುಂಭಾಗವನ್ನು ಜಾಕಿನಲ್ಲಿ ಎತ್ತಿ, ಎರಡು ಚಕ್ರಗಳನ್ನೂ ಸೇರಿಸುವ ಆಕ್ಸಲಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಚಾಪೆ ಹಾಸಿ ಅಡಿಗೆ ಸರಿದರು. ಅಷ್ಟು ಭಾರದ ಕೆಳಗೆ ಇವರ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಹಳೆಯದು ತೆಗೆದರು, ಹೊಸದು ಹಾಕಿದರು, ಎರಡೂ ಬದಿ ಬಿಗಿದರು. ಆಮೇಲೆ ನನ್ನನ್ನು ಕರೆದು ಪೈಪನ್ನು ಬೆರಳಿನಲ್ಲಿ ಆಡಿಸಿ ತೋರಿಸಿದರು.

"ನೋಡು, ಎಷ್ಟು ಸಡಿಲ ಉಂಟು. ಇನ್ನು ಹೆದರಿಕೆ ಎಂತದಕ್ಕೆ?"

ಬಗ್ಗಿ ನೋಡಿದೆ. ಸಡಿಲವಾಗಿಯೇ ಇತ್ತು. ಆದರೂ ಸಮಾಧಾನವಾಗಲಿಲ್ಲ. ಯಾಕೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೆಲಸವೆಲ್ಲ ಟ್ಯೂಬುಗಳ ಜೊತೆಯೇ ತಾನೇ. ಡ್ರಿಪ್ ಹಾಕಿದ ರೋಗಿ ಅಂಗಾತ ಮಲಗಿದ್ದಾಗ ಯಾವ ಟ್ಯೂಬಾದರೂ ಸಾಕಾಗುತ್ತದೆ. ಅವನು ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸಿದಾಗ ಸಾಕಾಗಬೇಕು. ಆ ಅಳತೆಯಲ್ಲೇ ನಾವು ಟ್ಯೂಬನ್ನು ಒಂದು ಸುತ್ತು ಬಿಟ್ಟು ಪ್ಲಾಸ್ಟರ್ ಅಂಟಿಸುವುದು. ಈ ಜೀಪು ಈಗ ಅಂಗಾತ ಮಲಗಿತ್ತು. ಸ್ಟ್ಯಾಂಡ್ ಇದ್ದದ್ದು ಆಕ್ಸಲಿನ ಕೆಳಗೆ, ಅಂದರೆ ಸಮ ನೆಲದ ಮೇಲೆ ನಿಂತ ಹಾಗೆಯೇ ಲೆಕ್ಕ. ಆದರೆ ಬ್ರೇಕ್ ಹೋದದ್ದು ಚಕ್ರ ಹೊಂಡದಲ್ಲಿ ಜೋತ ಮೇಲೆ.

"ಸ್ಟ್ಯಾಂಡನ್ನು ಜೀಪಿನ ಮೈಗೆ ಕೊಡಿ. ಆಕ್ಸಲನ್ನು ಪೂರ್ತಿ ಕೆಳಗೆ ಜೋಲಲು ಬಿಡಿ. ಆಮೇಲೆ ತೋರಿಸಿ," ಎಂದೆ.

"ನೀನು ಯಾವ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದು ಮಾರಾಯ್ತಿ? ಇಷ್ಟು ಉದ್ದ ಸಾಲದಾ?"

"ಸಾಲ್ತದೋ ಇಲ್ವೋ, ಜೋತಾಗ ನೋಡುವ."

"ಎಲ್ಲ ಮತ್ತೆ ಜಾಕ್ ಹಾಕಿ ಎತ್ತಬೇಕು. ಒಂದು ಗಂಟೆ ಕೆಲಸ ಅದು. ನಿನ್ನ ಹೆದರಿಕೆಗೆ ಮದ್ದಿಲ್ಲ, ಅಲ್ವಾ?"

"ಇಲ್ರಿ, ಮದ್ದಿಲ್ಲ! ನನ್ನ ಮಗಳು ಅದರಾಗ ಕುಂಡ್ರಾಕಿ. ಕೆಳಗ ಬಿಡ್ರಿ ಅಂದ್ರ ಬಿಡ್ರಿ!"

ನನ್ನ ಬಾಯಿಂದ ಹಾವೇರಿ ಹೊರಟರೆ ಇವರು ಎದುರಾಡುವುದಿಲ್ಲ. ಗೊಣಗುತ್ತಲೇ ಸ್ಟ್ಯಾಂಡ್ ಬದಲಿಸಿದರು, ಜಾಕನ್ನು ಮೆಲ್ಲನೆ ಸಡಿಲಿಸಿದರು. ಆಕ್ಸಲು ಇಳಿಯಿತು. ಇನ್ನೂ ಇಳಿಯಿತು. ಬಲಗಡೆಯ ಪೈಪು ಬಾಗಿಕೊಂಡು ಆರಾಮವಾಗಿತ್ತು. ಎಡಗಡೆಯದು ಬಟ್ಟೆ ಒಣಹಾಕುವ ಹಗ್ಗದ ಹಾಗೆ ನೆಟ್ಟಗಾಯಿತು. ಹೊಸ ಪೈಪು, ಉದ್ದದ ಪೈಪು, ಆದರೂ ಬೆರಳಿಟ್ಟರೆ ಮಿಸುಕುತ್ತಿರಲಿಲ್ಲ. ಹಾಕುವಾಗ ಅದನ್ನು ಶಾಕ್ ಅಬ್ಸಾರ್ಬರಿನ ಹಿಂದಿನಿಂದ ಸುತ್ತಿ ತಂದಿದ್ದರು. ಸಿಕ್ಕ ಉದ್ದವನ್ನೆಲ್ಲ ಆ ಸುತ್ತೇ ತಿಂದುಹಾಕಿತ್ತು. ಅದೇ ಎಡಗಡೆ, ಅದೇ ಚಕ್ರ.

ಇವರು ಸುತ್ತು ಬಿಚ್ಚಿ, ಪೈಪನ್ನು ಮುಂದಿನಿಂದ ನೇರ ತಂದು ಮತ್ತೆ ಬಿಗಿದರು. ನಾನು ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದೆ, ಇವರು ಎಲ್ಲಿಯಾದರೂ ಉಜ್ಜುತ್ತದೆಯೇ ಎಂದು ನೋಡಿದರು. ಉಜ್ಜಲಿಲ್ಲ. ಆಮೇಲೆ ಜೀಪಿನಡಿಯಿಂದಲೇ, ಮುಖ ತೋರಿಸದೆ, ಹೇಳಿದರು.

"ಅವತ್ತು ಅಕ್ಕನ ಮನೆಗೆ ಹೊರಡುವ ಮೊದಲು ಆ ಚಕ್ರದ ಒಳಗೆ ಒದ್ದೆ ಕಂಡಿತ್ತು. ಬೆರಳಿಗೆ ಹತ್ತಿತ್ತು ಕೂಡ. ಬಂದು ನೋಡುವ ಅಂತ ಬಿಟ್ಟೆ. ನಿನಗೆ ಹೇಳಿದರೆ ಹೊರಡಲಿಕ್ಕೇ ಬಿಡುವುದಿಲ್ಲ ಅಂತ ಹೇಳ್ಲಿಲ್ಲ."

ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೈಗೆ ಸಿಕ್ಕ ಸ್ಪಾನರನ್ನು ಅಂಗಳಕ್ಕೆ ಎಸೆದು ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತೆ. ಹೆದರಿಕೆಗಿಂತ ಸಿಟ್ಟು ವಾಸಿ, ಸಿಟ್ಟಿದ್ದರೆ ಏನಾದರೂ ಮಾಡಲು ಸಾಧ್ಯ ಎಂದು ಅಂದೇ ಗೊತ್ತಾದದ್ದು. ಹತ್ತು ನಿಮಿಷ ಬಿಟ್ಟು ಹೊರಗೆ ಬಂದು ಸ್ಪಾನರನ್ನು ನಾನೇ ಹೆಕ್ಕಿ ಕೊಟ್ಟೆ.

ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕಿತ್ತು. ಎಣ್ಣೆಯ ನಡುವೆ ಗಾಳಿ ಉಳಿದರೆ ಪೆಡಲು ಹತ್ತಿಯ ಹಾಗೆ ಮೆತ್ತಗಾಗಿ ಕುಸಿಯುತ್ತದಂತೆ. ಇದಕ್ಕೆಂದೇ ಔಷಧಿ ಅಂಗಡಿಯಿಂದ ಡ್ರಿಪ್ಪಿನ ಟ್ಯೂಬೊಂದನ್ನು ಕೊಂಡು ತಂದಿದ್ದೆ. ಇವರು ಅದರ ಒಂದು ತುದಿಯನ್ನು ಚಕ್ರದ ಬಳಿಯ ಗಾಳಿ ಬಿಡುವ ತಿರುಪಿಗೆ ಸಿಕ್ಕಿಸಿ, ಇನ್ನೊಂದನ್ನು ಬಾಟಲಿಯೊಂದಕ್ಕೆ ಇಳಿಬಿಟ್ಟರು. ಮಗಳನ್ನು ಕರೆದು ಪೆಡಲಿಗೆ ಕೂರಿಸಿದೆ. ಅಪ್ಪ ಕೆಳಗಿನಿಂದ "ಒತ್ತು, ಹಿಡಿ" ಎಂದಾಗ ಒತ್ತಿ ಹಿಡಿಯಬೇಕು, "ಬಿಡು" ಎಂದ ಮೇಲೆಯೇ ಬಿಡಬೇಕು. ಟ್ಯೂಬಿನಲ್ಲಿ ಗುಳ್ಳೆಗಳು ಬರುವುದನ್ನು ನೋಡಲು ನಾನು ಕೂತೆ. ಬಾಟಲಿಗೆ ಎಣ್ಣೆ ಇಳಿಯಿತು, ಜೊತೆಗೆ ಗುಳ್ಳೆ. ಮತ್ತೆ ಗುಳ್ಳೆ. ಇವರು ಸಾಕು ಎಂದ ಮೇಲೂ ಸಾಸಿವೆ ಕಾಳಿನಷ್ಟು ಒಂದು ಬಂತು. ಇನ್ನೊಮ್ಮೆ ಎಂದೆ. ಇವರು ತಿರುಪನ್ನು ಮತ್ತೆ ಸಡಿಲಿಸಿದರು. ನಾಲ್ಕೂ ಚಕ್ರ ಮುಗಿಯುವಾಗ ಮಧ್ಯಾಹ್ನ ದಾಟಿತ್ತು.

"ಅಮ್ಮ, ಈಗ ಪೆಡಲು ಗಟ್ಟಿ ಉಂಟು. ಕಲ್ಲಿನ ಹಾಗೆ," ಎಂದಳು ಮಗಳು.

ಮುಂದಿನ ಭಾನುವಾರ ಹೊರಟೆವು. ಪಡುಬಿದ್ರಿ, ಬೆಳ್ಮಣ್, ಕಾರ್ಕಳ, ಎಲ್ಲ ಕಡೆಯೂ ಮಗಳು ಚೆನ್ನಾಗಿಯೇ ಓಡಿಸಿದಳು. ಹತ್ತುವುದು ನನಗೆ ಹೆದರಿಕೆಯಲ್ಲ. ಊಟಕ್ಕೆ ಅಕ್ಕ ಬಡಿಸಿದ್ದು ಏನೆಂದು ಇವತ್ತಿಗೂ ನೆನಪಿಲ್ಲ. ಇಳಿಯುವ ಹೊತ್ತಿಗೆ ಮಗಳು ಸ್ಟೇರಿಂಗ್ ಹಿಡಿದಳು, ಇವರು ಹಿಂದೆ ಕೂತರು. ನಾನು "ಒಂದು ನಿಮಿಷ" ಎಂದು ಇಳಿದು, ಸೀರೆ ಎತ್ತಿಕಟ್ಟಿ, ನೆಲಕ್ಕೆ ಮೊಣಕಾಲೂರಿ ಎಡಗಡೆಯ ಪೈಪಿನ ಬುಡಕ್ಕೆ ಬೆರಳಿಟ್ಟೆ. ಒಣಗಿತ್ತು. ಎದ್ದು ನೋಡಿದರೆ ಇವರೂ ಇಳಿದು ಬಲಗಡೆ ಬಗ್ಗಿದ್ದರು.

"ಎಂತ ಮಾಡ್ತಿದ್ದೀರಿ ಇಬ್ಬರೂ?" ಎಂದು ಮಗಳು ನಕ್ಕಳು.

ಜೀಪು ಇಳಿಯತೊಡಗಿತು. ಅದೇ ಹೊಂಡ ಬಂತು. ಎಡಚಕ್ರ ಧಡಕ್ಕನೆ ಇಳಿದು ಎದ್ದಿತು. ಮುಂದೆ ತಿರುವು, ತಿರುವಿನಾಚೆ ನೀರು. ಮಗಳ ಕಾಲನ್ನೇ ನೋಡುತ್ತಿದ್ದೆ. "ಇಲ್ಲಿ ನಿಲ್ಲಿಸು," ಎಂದೆ. ಅವಳು ಒತ್ತಿದಳು. ಪೆಡಲು ಒಂದಿಷ್ಟು ಇಳಿದು ಗಟ್ಟಿಯಾಯಿತು. ಜೀಪು ನಿಂತಿತು, ದರೆಯಲ್ಲಿ ನಮ್ಮ ಹಳೆಯ ಉಜ್ಜಿದ ಗುರುತಿಗಿಂತ ಎಷ್ಟೋ ಮೊದಲೇ.

ಆಗಲೇ ನನ್ನ ಭುಜ ಉರಿಯುತ್ತಿರುವುದು ತಿಳಿದದ್ದು. ಹಿಂದಿನಿಂದ ಇವರ ಕೈ ಅದನ್ನು ಹಿಡಿದಿತ್ತು, ಅವತ್ತು ಮಗಳು ಹಿಡಿದಿದ್ದ ಜಾಗದಲ್ಲೇ, ಉಗುರು ಊರುವಷ್ಟು ಗಟ್ಟಿಯಾಗಿ.

"ಬಿಡ್ರಿ, ನಿಂತೈತಿ," ಎಂದೆ.

ಇವರು ಬಿಡಲಿಲ್ಲ.